ಅಧಿಕಾರಿಗಳು ಹೊರಗೆ ಕೂರಬೇಕು

ಸಮಾಜಕಾರ್ಯದ ಕೆಲಸಕ್ಕೆ ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದ ಹೊಸದರಲ್ಲಿ ನನ್ನನ್ನು ಒಂದು ಸಭೆಯಿಂದ ಎಬ್ಬಿಸಿ ಹೊರಗೆ ಕಳಿಸಿದರು. ಒಂಬತ್ತು ವರ್ಷದ ಹುಡುಗ, ಚಟಕ್ಕೆ ಬಿದ್ದ ತಾಯಿ. ಮಗು ಎಲ್ಲಿರಬೇಕು ಅಂತ ಮಾತಾಡಲು ನೆಂಟರೆಲ್ಲ ಸೇರಿದ್ದರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಅಧಿಕಾರಿಗಳಾದ ನಾವು ನಮಗೆ ಗೊತ್ತಿದ್ದದ್ದನ್ನು ಹೇಳಿ ಮುಗಿಸಿದೆವು. ಆಗ ಸಭೆ ನಡೆಸುತ್ತಿದ್ದಾಕೆ, 'ಬನ್ನಿ, ಇನ್ನು ಅವರವರೇ ಮಾತಾಡಿಕೊಳ್ಳಲಿ' ಎಂದು ನಮ್ಮನ್ನು ಕರೆದುಕೊಂಡು ಹೊರಟರು. ಎರಡು ಗಂಟೆ ಅಡುಗೆಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತಾ ಕೂತೆವು. ಒಳಗೆ ಒಮ್ಮೆ ಜೋರು ದನಿ, ಒಮ್ಮೆ ನಗು. ಕೊನೆಗೆ ಅವರು ತಂದ ತೀರ್ಮಾನದಲ್ಲಿ ಅಜ್ಜಿಯ ತಂಗಿಯ ಮನೆ ಇತ್ತು. ನನ್ನ ಫೈಲಿನಲ್ಲಿ ಆಕೆಯ ಹೆಸರೇ ಇರಲಿಲ್ಲ.

ಇದನ್ನು ಫ್ಯಾಮಿಲಿ ಗ್ರೂಪ್ ಕಾನ್ಫರೆನ್ಸ್ ಅನ್ನುತ್ತಾರೆ. ನ್ಯೂಜಿಲೆಂಡ್‌ನಲ್ಲಿ 1989ರ ಕಾನೂನಿನಿಂದ ಬಂದದ್ದು. ಅಧಿಕಾರಿಗಳು ಹೊರಗೆ ಕೂರುವುದು ಬರೀ ಮರ್ಯಾದೆಯ ಮಾತಲ್ಲ, ಮನೆಯವರು ತಾವೇ ಕೂತು ಮಾತಾಡುವ ಹಕ್ಕು ಆ ಕಾನೂನಿನಲ್ಲೇ ಇದೆ. ಅದಕ್ಕೆ ಮುಂಚೆ ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮಕ್ಕಳನ್ನು ಮನೆಯಿಂದ ಕರೆದೊಯ್ದು ಸರ್ಕಾರಿ ನಿಲಯಗಳಲ್ಲಿ, ಗುರುತಿಲ್ಲದವರ ಮನೆಗಳಲ್ಲಿ ಇಡುತ್ತಿದ್ದರು. ಮಾವೊರಿ ಹಿರಿಯ ಜಾನ್ ರಂಗಿಹೌ ಅವರ ಸಮಿತಿ 1988ರ ವರದಿಯಲ್ಲಿ, ಕಲ್ಯಾಣ ಇಲಾಖೆಯ ನಡೆಯಲ್ಲೇ ಜನಾಂಗ ಭೇದ ಇದೆ ಎಂದು ನೇರವಾಗಿ ಹೇಳಿತು. ಆ ಸಿಟ್ಟಿನಿಂದ ಹುಟ್ಟಿದ ವಿಧಾನ ಇದು. ಆಮೇಲೆ ಬೇರೆ ದೇಶಗಳೂ ಎತ್ತಿಕೊಂಡವು.

ಅವತ್ತು ಬಿಸ್ಕತ್ತು ತಿನ್ನುವಾಗ ನನಗೆ ನೆನಪಾದದ್ದು ದಾವಣಗೆರೆ ಕಡೆಯ ಒಂದು ಹಳ್ಳಿ. ನಾನಾಗ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿ, ಫೀಲ್ಡ್‌ವರ್ಕಿಗೆ ಹೋಗಿದ್ದೆ. ಹದಿನೈದರ ಹುಡುಗಿಗೆ ಮದುವೆ ಗೊತ್ತಾಗಿತ್ತು. ಅಧಿಕಾರಿಗಳು ಜೀಪಿನಲ್ಲಿ ಬಂದರು. ಕಟ್ಟೆಯ ಮೇಲೆ ಹಿರಿಯರು ಸೇರಿದರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಏನು ಹೇಳುತ್ತದೆ, ಜೈಲು ಎಷ್ಟು ವರ್ಷ, ಎಲ್ಲ ಹೇಳಿದ್ದಾಯಿತು. ಅಪ್ಪ, 'ನೀವ್ ಹೇಳ್ದಂಗೇ ಆಗ್ಲಿ ಬಿಡ್ರಿ ಸರ್' ಅಂದ. ಮುಚ್ಚಳಿಕೆ ಬರೆಸಿಕೊಂಡರು. ಸಾಕ್ಷಿಗೆ ಸಹಿ ಹಾಕಿದವನು ಹುಡುಗಿಯ ಸೋದರಮಾವ. ಮದುಮಗ ಅವನೇ ಅಂತ ನಮಗೆ ತಿಳಿದದ್ದು ಮೂರು ತಿಂಗಳಾದ ಮೇಲೆ, ಬೇರೆ ಊರಲ್ಲಿ ತಾಳಿ ಕಟ್ಟಿದ ಸುದ್ದಿ ಬಂದಾಗ. ಹುಡುಗಿ ಅವತ್ತು ಬಾಗಿಲ ಹಿಂದೆಯೇ ಇದ್ದಳು. ನಾನೂ ಸೇರಿ ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲ.

ಅದೇ ವರ್ಷ ಪರೀಕ್ಷೆಯಲ್ಲಿ, ಸಮಾಜಕಾರ್ಯದ ಲೇಖಕರಾದ ಪಿಂಕಸ್ ಮತ್ತು ಮಿನಾಹನ್ 1973ರಲ್ಲಿ ಹೇಳಿದ ನಾಲ್ಕು ವ್ಯವಸ್ಥೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ನೆರವಾಗುವವರು, ನೆರವು ಬೇಕಾದವರು, ಬದಲಾಗಬೇಕಾದವರು, ಕೈಜೋಡಿಸುವವರು. ಒಳ್ಳೆಯ ಅಂಕವೂ ಬಂತು. ಕಟ್ಟೆಯ ಹತ್ತಿರ ಮಾತ್ರ ಅದು ಪುಸ್ತಕದ ಬದನೆಕಾಯಿ. ನೆರವು ಬೇಕಾದವಳು ಬಾಗಿಲ ಹಿಂದೆ, ಬದಲಾಗಬೇಕಾದವನು ಸಾಕ್ಷಿಯ ಜಾಗದಲ್ಲಿ. ಆ ನಾಲ್ಕರಲ್ಲಿ ಯಾರು ಯಾವುದು ಅಂತ ಸುಮ್ನೆ ಕೇಳಿಕೊಂಡಿದ್ದರೂ ಸಾಕಿತ್ತು.

ಮನೆಯವರನ್ನು ಕೂರಿಸಿ ಮಾತಾಡಿಸುವುದು ನಮಗೇನು ಹೊಸದಲ್ಲ. ಪಂಚಾಯ್ತಿ ಕಟ್ಟೆ ನಮ್ಮಲ್ಲಿ ಎಂದಿನಿಂದಲೋ ಇದೆ. ಹಾಗಾಗಿ 'ಇದು ನಮ್ಮಲ್ಲೂ ಇತ್ತು' ಅನ್ನುವವರು ಸಿಕ್ಕಾಗ ನನಗೆ ಕಿರಿಕಿರಿ. ಕಟ್ಟೆ ಇತ್ತು ನಿಜ. ಆದರೆ ನ್ಯೂಜಿಲೆಂಡಿನ ಈ ವಿಧಾನದ ಕಸುಬೆಲ್ಲ ಇರುವುದು ಸಭೆಗೆ ಮುಂಚಿನ ದಿನಗಳಲ್ಲಿ. ಸಭೆ ನಡೆಸುವಾಕೆ ಮನೆಮನೆಗೆ ಹೋಗುತ್ತಾಳೆ. ಮಗುವನ್ನು ಬೇರೆಯಾಗಿ ಮಾತಾಡಿಸುತ್ತಾಳೆ. ಯಾರನ್ನು ಕಂಡರೆ ಭಯ? ಯಾರು ಬಂದರೆ ನಿನಗೆ ಧೈರ್ಯ? ನಿನ್ನ ಪರ ಯಾರು ಮಾತಾಡಲಿ? ಆ ನಾಲ್ಕು ವ್ಯವಸ್ಥೆಗಳ ಸಿದ್ಧಾಂತ ಕೆಲಸಕ್ಕೆ ಬರುವುದು ಇಲ್ಲೇ, ಅಲ್ವಾ?

ಇಲ್ಲಿ ಎಲ್ಲ ಸರಿಯಿದೆ ಅಂತ ಖಂಡಿತ ಹೇಳುತ್ತಿಲ್ಲ. ಇವತ್ತಿಗೂ ಸರ್ಕಾರದ ಆರೈಕೆಗೆ ಹೋಗುವ ಮಕ್ಕಳಲ್ಲಿ ಮಾವೊರಿಗಳೇ ಜಾಸ್ತಿ. ಮೊದಲೇ ತೀರ್ಮಾನ ಮಾಡಿಟ್ಟು, ಮನೆಯವರಿಂದ ಹೂಂ ಅನ್ನಿಸಿಕೊಳ್ಳಲು ಮಾತ್ರ ಕರೆದ ಸಭೆಗಳನ್ನೂ ನೋಡಿದ್ದೇನೆ. ಅವುಗಳಿಗಿಂತ ನಮ್ಮ ಕಟ್ಟೆಯೇ ವಾಸಿ.

ಇನ್ನೊಂದು ತಮಾಷೆ ಇದೆ. ಮನೆತನದ ನಕ್ಷೆ ಬರೆಯಲು, ಅಂದರೆ ಜಿನೋಗ್ರಾಂ ಹಾಕಲು, ನನಗಿಲ್ಲಿ ಮೂರು ವಾರ ಫೋನ್ ಮಾಡಬೇಕಾಗುತ್ತದೆ. ನಮ್ಮ ಅಂಗನವಾಡಿ ಟೀಚರ್ ಅದನ್ನು ನಿಂತ ನಿಲುವಿನಲ್ಲೇ ಹೇಳುತ್ತಾರೆ. ಯಾರ ಮಗಳು ಯಾರ ಮನೆಗೆ, ಯಾರಿಗೆ ಯಾರ ಮೇಲೆ ಹಗೆ, ಯಾರ ಮಾತು ಎಲ್ಲಿ ನಡೆಯುತ್ತದೆ, ಎಲ್ಲ. ಅಷ್ಟು ಗೊತ್ತಿರುವವರನ್ನು ನಾವು ತೂಕ ಬರೆಯಲು, ಮೊಟ್ಟೆ ಹಂಚಲು, ಸರ್ವೆ ಮಾಡಲು ಇಟ್ಟುಕೊಂಡಿದ್ದೇವೆ.

ಮೊನ್ನೆ ಊರಿನಲ್ಲಿ ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಮುಚ್ಚಳಿಕೆ ಬರೆಸುವ ಮುಂಚೆ ಅರ್ಧ ಗಂಟೆ ಹುಡುಗಿಯ ಜೊತೆ ಬೇರೆ ಕೂರಬಾರದೇ ಅಂದೆ. ಅವನು ನಕ್ಕ. 'ಒಂದು ದಿನಕ್ಕೆ ಮೂರು ಊರು ಮಾರಾಯ, ಜೀಪು ಒಂದೇ. ನಿನ್ನ ಬಿಸ್ಕತ್ತಿಗೆ ಟೈಮ್ ಎಲ್ಲಿದೆ?' ಅವನ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ, 'ಅದಿರಲಿ, ಯಾರನ್ನು ಕಂಡರೆ ಭಯ ಅಂತ ಕೇಳೋದನ್ನ ಟೀಚರ್‌ಗೆ ಹೇಳಿಕೊಟ್ಟರೆ ಆಗುತ್ತಾ?'