ಪತಂಗದ ಕಥೆ ಸಾಕು, ಆ ಫ್ರೆಂಚ್ ಪ್ರೋಗ್ರಾಮಿನ ಕಥೆ ಹೇಳೋಣ

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಎಂದೊಡನೆ ಕಂಪ್ಯೂಟರ್ ಓದಿದವರಿಗೆಲ್ಲ ನೆನಪಾಗುವುದು ಒಂದು ಪತಂಗ. ಯಂತ್ರದೊಳಗೆ ಅವರು ಹಿಡಿದ ಆ ಪತಂಗದಿಂದಲೇ ಕಂಪ್ಯೂಟರಿನ ದೋಷಕ್ಕೆ ‘ಬಗ್’, ಅಂದರೆ ಹುಳ, ಎಂಬ ಹೆಸರು ಬಂತೆಂಬುದು ಕಥೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರದ ರಿಲೇ ಎಂಬ ವಿದ್ಯುತ್ ಸ್ವಿಚ್ಚೊಂದರಲ್ಲಿ ಸಿಕ್ಕಿಕೊಂಡಿದ್ದ ಪತಂಗವನ್ನು ಹೊರತೆಗೆದು ಲಾಗ್‌ಬುಕ್ಕಿಗೆ ಅಂಟಿಸಿದ್ದು ನಿಜ. ಆ ಪುಟ ಈಗಲೂ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಆದರೆ ಅದನ್ನು ಹಿಡಿದವರು ಹಾಪರ್ ಅಲ್ಲ, ಅವರ ಸಹೋದ್ಯೋಗಿಗಳು. ಯಂತ್ರದ ದೋಷವನ್ನು ‘ಬಗ್’ ಎನ್ನುವ ರೂಢಿಯೂ ಎಡಿಸನ್ನನ ಕಾಲದಿಂದಲೇ ಇತ್ತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತದ ಜೊತೆಗೆ ಐಟಿ ಪಾಠವನ್ನೂ ಮಾಡುವ ನನಗೆ, ಇಷ್ಟು ದೊಡ್ಡ ಬದುಕಿನಿಂದ ಒಂದು ಹುಳವನ್ನು ಮಾತ್ರ ಹೆಕ್ಕಿಕೊಂಡು ಮಕ್ಕಳಿಗೆ ಹೇಳುವುದು ಅನ್ಯಾಯವೆಂದೇ ತೋರುತ್ತದೆ. ಅದರಲ್ಲೂ ನಮ್ಮಂಥ ಗಡಿನಾಡಿನವರು ಹೇಳಬೇಕಾದ ಕಥೆ ಬೇರೆಯೇ ಇದೆ.

1906ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಹಾಪರ್, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದು, ವಾಸರ್ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದವರು. ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದಾಗ ನೌಕಾಪಡೆ ಸೇರಲು ಹೊರಟರೆ, ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಆಕ್ಷೇಪ ಬಂತು. ವಿಶೇಷ ಅನುಮತಿ ಪಡೆದು 1943ರ ಕೊನೆಗೆ ಸೇರಿದರು. ಮರುವರ್ಷ ಹಾರ್ವರ್ಡಿನಲ್ಲಿ ಹೊವಾರ್ಡ್ ಐಕನ್ ಅವರ ಕೈಕೆಳಗೆ, 51 ಅಡಿ ಉದ್ದದ ಮಾರ್ಕ್ 1 ಯಂತ್ರದ ಕೆಲಸಕ್ಕೆ ನಿಯುಕ್ತರಾದರು. ಆ ಯಂತ್ರದ 500ಕ್ಕೂ ಹೆಚ್ಚು ಪುಟಗಳ ಕೈಪಿಡಿ ಬರೆಯುವ ಹೊಣೆಯೂ ಅವರಿಗೇ ಬಿತ್ತು. ಪಾಠ ಮಾಡಿ ಪಳಗಿದವರಿಗೇ ಇಂಥ ಕೆಲಸ ಬರುವುದು ಲೋಕರೂಢಿ ಇರಬೇಕು.

ಆ ಕಾಲದಲ್ಲಿ ಪ್ರೋಗ್ರಾಂ ಬರೆಯುವುದು ಶುದ್ಧ ಗುಮಾಸ್ತಗಿರಿ. ವರ್ಗಮೂಲ ತೆಗೆಯುವಂಥ ಒಂದು ತುಣುಕನ್ನು ಯಾರಾದರೂ ಬರೆದಿಟ್ಟಿದ್ದರೆ, ಬೇಕಾದವರು ಅದನ್ನು ಅವರ ನೋಟ್‌ಬುಕ್ಕಿನಿಂದ ನಕಲು ಮಾಡಿಕೊಂಡು, ಅದರಲ್ಲಿರುವ ವಿಳಾಸಗಳಿಗೆಲ್ಲ (ಯಂತ್ರದ ನೆನಪಿನಲ್ಲಿ ಯಾವುದು ಎಲ್ಲಿದೆ ಎಂದು ಹೇಳುವ ಅಂಕೆಗಳಿಗೆಲ್ಲ) ಸಂಖ್ಯೆ ಕೂಡಿಸಿ ತಮ್ಮ ಪ್ರೋಗ್ರಾಮಿಗೆ ಹೊಂದಿಸಿಕೊಳ್ಳಬೇಕಿತ್ತು. ಪ್ರೋಗ್ರಾಂ ಬರೆಯುವವರಿಗೆ ನೆಟ್ಟಗೆ ನಕಲು ಮಾಡಲೂ ಬರುವುದಿಲ್ಲ, ಕೂಡಿಸಲೂ ಬರುವುದಿಲ್ಲ ಎಂದು ಹಾಪರ್ ತಮಾಷೆ ಮಾಡುತ್ತಿದ್ದರು. ಎಂಟನ್ನು ಆಧಾರವಾಗಿಟ್ಟ ಅಂಕಪದ್ಧತಿಯಲ್ಲಿ ದಿನವಿಡೀ ಕೆಲಸ ಮಾಡಿ, ಮನೆಗೆ ಬಂದು ಚೆಕ್‌ಬುಕ್ಕಿನ ಲೆಕ್ಕವನ್ನೂ ಅದೇ ಪದ್ಧತಿಯಲ್ಲಿ ಕಳೆದು, ಬ್ಯಾಂಕಿನ ಲೆಕ್ಕಕ್ಕೆ ತಾಳೆಯಾಗದೆ ಒದ್ದಾಡಿದ್ದನ್ನೂ, ಬ್ಯಾಂಕಿನಲ್ಲಿದ್ದ ತಮ್ಮನೇ ಕೊನೆಗೆ ಅದನ್ನು ಪತ್ತೆ ಹಚ್ಚಿದ್ದನ್ನೂ ಅವರೇ ಹೇಳಿಕೊಂಡಿದ್ದಾರೆ. ನಕಲು, ಕೂಡಿಕೆ ಎರಡನ್ನೂ ತಪ್ಪದೆ ಮಾಡಬಲ್ಲ ಯಂತ್ರ ಎದುರಿಗೇ ಇರುವಾಗ ಆ ಕೆಲಸವನ್ನು ಅದಕ್ಕೇ ಏಕೆ ಒಪ್ಪಿಸಬಾರದು ಎಂಬ ಯೋಚನೆಯಿಂದ, ಮುಂದೆ ಅವರು ಸೇರಿದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾದ ಕಂಪೆನಿಯಲ್ಲಿ, ಅದು ತಯಾರಿಸುತ್ತಿದ್ದ ಯುನಿವ್ಯಾಕ್ ಯಂತ್ರದ ಮೇಲೆ, 1952ರ ಹೊತ್ತಿಗೆ ಎ-0 ಎಂಬ ಕಂಪೈಲರ್, ಅಂದರೆ ತುಣುಕುಗಳನ್ನು ತಾನೇ ಜೋಡಿಸಿ ಪ್ರೋಗ್ರಾಂ ಕಟ್ಟಿಕೊಡುವ ಪ್ರೋಗ್ರಾಂ, ಸಿದ್ಧವಾಯಿತು. ಕಂಪ್ಯೂಟರ್ ಲೆಕ್ಕ ಮಾಡಬಲ್ಲುದೇ ಹೊರತು ಪ್ರೋಗ್ರಾಂ ಬರೆಯಲಾರದು ಎಂದು ಬಲ್ಲವರೆನಿಸಿಕೊಂಡವರೇ ತಲೆಯಾಡಿಸಿದರು.

ಅಲ್ಲಿಂದ ಮುಂದಿನ ಹೆಜ್ಜೆಯೇ ನನಗೆ ಮುಖ್ಯ. ಸಂಬಳ, ದಾಸ್ತಾನು, ಬಿಲ್ಲುಗಳ ಲೆಕ್ಕ ನೋಡುವವರಿಗೆ ಗಣಿತದ ಸಂಕೇತಗಳೆಂದರೆ ಆಗುವುದಿಲ್ಲ, ಅವರು ತಮ್ಮ ಮಾತಿನಲ್ಲೇ ಆದೇಶ ಬರೆಯಲಿ, ಅದನ್ನು ತನ್ನ ಸಂಕೇತಕ್ಕೆ ಇಳಿಸಿಕೊಳ್ಳುವ ಕಷ್ಟ ಯಂತ್ರಕ್ಕಿರಲಿ ಎಂಬುದು ಹಾಪರ್ ಅವರ ವಾದ. ಕಂಪ್ಯೂಟರಿಗೆ ಇಂಗ್ಲಿಷ್ ಎಲ್ಲಿ ಅರ್ಥವಾದೀತು ಎಂಬ ಉತ್ತರ ಬಂತು. 1955ರ ಆರಂಭದಲ್ಲಿ ಅವರು ಕಂಪೆನಿಯ ಆಡಳಿತದ ಮುಂದೆ ಒಂದು ವರದಿ ಇಟ್ಟರು. ಅದರಲ್ಲಿ ಒಂದು ಸಣ್ಣ ಪ್ರೋಗ್ರಾಂ ಇಂಗ್ಲಿಷಿನಲ್ಲಿತ್ತು. ಅದರ ಜೊತೆಗೆ, ಪದಗಳನ್ನಷ್ಟೇ ಬದಲಿಸಿ, ಅದೇ ಪ್ರೋಗ್ರಾಂ ಫ್ರೆಂಚಿನಲ್ಲೂ ಜರ್ಮನ್ನಿನಲ್ಲೂ ಇತ್ತು. ಯಂತ್ರಕ್ಕೆ ಇಂಗ್ಲಿಷ್ ಪದವೂ ಒಂದು ಗುರುತು, ಫ್ರೆಂಚ್ ಪದವೂ ಒಂದು ಗುರುತು; ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು ಕಷ್ಟದ ಕೆಲಸವೇನಲ್ಲ ಎಂದು ತೋರಿಸುವುದಷ್ಟೇ ಅವರ ಉದ್ದೇಶವಾಗಿತ್ತು. ಆದರೆ ಆಡಳಿತದವರು ಹೌಹಾರಿದರು. ಪೆನ್ಸಿಲ್ವೇನಿಯಾದಲ್ಲಿ ತಯಾರಾದ ಮರ್ಯಾದಸ್ಥ ಅಮೆರಿಕನ್ ಕಂಪ್ಯೂಟರೊಂದು ಫ್ರೆಂಚ್, ಜರ್ಮನ್ ಅರ್ಥ ಮಾಡಿಕೊಳ್ಳುವುದೆಂದರೇನು! ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಯೋಚನೆಯೇ ನಮಗಿಲ್ಲ ಎಂದು ಅವರನ್ನು ನಂಬಿಸಲು ತಿಂಗಳುಗಳೇ ಹಿಡಿದವು ಎಂದು 1978ರ ಸಮ್ಮೇಳನವೊಂದರಲ್ಲಿ ಹಾಪರ್ ನಗುತ್ತ ನೆನಪಿಸಿಕೊಂಡಿದ್ದರು. ಹಾಗೆ ಇಂಗ್ಲಿಷಿಗೆ ಕಟ್ಟುಬಿದ್ದು ಹೊರಬಂದದ್ದೇ ಫ್ಲೋ-ಮ್ಯಾಟಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ.

ಅದನ್ನು ಬಹುಮಟ್ಟಿಗೆ ಆಧರಿಸಿ 1959ರಲ್ಲಿ ಕೋಬಾಲ್ ಎಂಬ, ವ್ಯವಹಾರದ ಲೆಕ್ಕಗಳಿಗಾಗಿನ ಪ್ರೋಗ್ರಾಮಿಂಗ್ ಭಾಷೆ ರೂಪುಗೊಂಡಿತು. ಹಾಪರ್ ಅವರನ್ನು ಕೋಬಾಲಿನ ತಾಯಿ ಎನ್ನುವುದು ಸ್ವಲ್ಪ ಅತಿ ಎಂದೇ ನನ್ನ ಅಭಿಪ್ರಾಯ. ಅದು ಸಮಿತಿಯ ಕೆಲಸ, ಜೀನ್ ಸ್ಯಾಮೆಟ್ ಮೊದಲಾದವರ ದುಡಿಮೆ ಅದರಲ್ಲಿ ಬಹಳವಿದೆ, ಹಾಪರ್ ಸಲಹೆಗಾರರಾಗಿದ್ದರು. ಕೋಬಾಲ್ ಕಲಿಸುವುದನ್ನು ಅಪರಾಧವೆಂದೇ ಪರಿಗಣಿಸಬೇಕು ಎಂದು 1975ರಲ್ಲಿ ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಬರೆದದ್ದೂ ಉಂಟು. ಅದರ ವಾಚಾಳಿತನವನ್ನು ಕಂಡವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೂ 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಎರಡು ಬೇರೆ ಬೇರೆ ಕಂಪೆನಿಗಳ ಯಂತ್ರಗಳಲ್ಲಿ ಓಡಿತು; ಯಂತ್ರ ಬದಲಾದರೆ ಪ್ರೋಗ್ರಾಂ ಪೂರ್ತಿ ಹೊಸದಾಗಿ ಬರೆಯಬೇಕಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ.

ನೌಕಾಪಡೆ ಅವರನ್ನು 1966ರಲ್ಲಿ ನಿವೃತ್ತಿಗೊಳಿಸಿ, ಮರುವರ್ಷವೇ ಆರು ತಿಂಗಳ ಮಟ್ಟಿಗೆಂದು ವಾಪಸು ಕರೆಯಿತು. ಆ ಆರು ತಿಂಗಳು ಮುಗಿದದ್ದು 1986ರಲ್ಲಿ, ಅವರಿಗೆ 79 ವರ್ಷ ತುಂಬಿದ ಮೇಲೆ, ರಿಯರ್ ಅಡ್ಮಿರಲ್ ಹುದ್ದೆಯಲ್ಲಿ. (56ಕ್ಕೇ ಹಾರ ಹಾಕಿ ಕಳುಹಿಸುವ ನಮ್ಮ ಕೇರಳದ ಹಳೆಯ ಪಿಂಚಣಿಯ ಮಾಷ್ಟ್ರುಗಳು ಇದನ್ನು ಓದಿ ನಿಟ್ಟುಸಿರು ಬಿಡಬಹುದು.) ಭಾಷಣಗಳಲ್ಲಿ ಅವರು ಒಂದಡಿಗೆ ತುಸು ಕಡಿಮೆ ಉದ್ದದ ತಂತಿಗಳನ್ನು ಹಂಚಿ, ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಹೋಗುವುದು ಇಷ್ಟೇ ದೂರ ಎನ್ನುತ್ತಿದ್ದರು. ಮಕ್ಕಳ ಜಾಮೆಟ್ರಿ ಬಾಕ್ಸಿಗೆ ಹಿಡಿಸದೆ ಬ್ಯಾಗಿನಿಂದ ಹೊರಗೆ ಚಾಚಿಕೊಂಡಿರುತ್ತದಲ್ಲ, ಆ 30 ಸೆಂಟಿಮೀಟರಿನ ಸ್ಕೇಲು, ಹೆಚ್ಚುಕಡಿಮೆ ಅದೇ ಉದ್ದ. ನನ್ನ ತರಗತಿಯಲ್ಲಿ ತಂತಿ ಹಂಚುವ ಖರ್ಚಿಲ್ಲ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ನೆರೆಮನೆಯ ಅಜ್ಜಿಯೊಬ್ಬರ ಅರ್ಜಿ ಹಾಕಿಸಲು ಪೇಟೆಯ ಆನ್‌ಲೈನ್ ಅಂಗಡಿಗೆ ಹೋಗಿದ್ದೆ. ಹೆಸರಿನ ಕಾಲಮ್ಮಿನಲ್ಲಿ ಮಲಯಾಳ ಅಕ್ಷರ ಕೂರುತ್ತಿತ್ತು, ಕನ್ನಡ ಟೈಪ್ ಮಾಡಿದರೆ ಕೆಂಪು ಗೆರೆ ಬರುತ್ತಿತ್ತು. ‘ಇದು ಕನ್ನಡ ತೆಕ್ಕೊಳ್ಳುದಿಲ್ಲ ಮಾಷ್ಟ್ರೇ, ಟೆಕ್ನಿಕಲ್ ಪ್ರಾಬ್ಲಮ್ಮು. ಮಲಯಾಳದಲ್ಲಿ ಹಾಕಿಕೊಡ್ತೇನೆ’ ಎಂದ ಹುಡುಗ. ಅವನದೇನೂ ತಪ್ಪಿಲ್ಲ. ಅಜ್ಜಿಯ ಹೆಸರಿನಲ್ಲಿರುವ ಮನೆಹೆಸರು ಮೂಡುಮನೆ ಆ ಅರ್ಜಿಯಲ್ಲಿ ಮೂಡುಮನ ಆಯಿತು, ರೇಷನ್ ಕಾರ್ಡಿನಲ್ಲಿ ಅದು ಮೊದಲೇ ಇನ್ನೊಂದು ಬಗೆಯಾಗಿತ್ತು. ಮೂರು ಹೆಸರೂ ಒಬ್ಬರದೇ ಎಂದು ಹೇಳುವ ‘ವನ್ ಆ್ಯಂಡ್ ಸೇಮ್’ ಸರ್ಟಿಫಿಕೇಟಿಗೆ ಇನ್ನು ಬೇರೆಯೇ ಅರ್ಜಿ ಹಾಕಬೇಕು.

ತಾಂತ್ರಿಕ ಸಮಸ್ಯೆ ಎಂಬ ಈ ಮಾತನ್ನು ನಾನು ಒಪ್ಪುವುದಿಲ್ಲ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆಯ ಸ್ಥಾನ ಕೊಡುವ ಪಟ್ಟಿಯೇ ಯೂನಿಕೋಡ್; 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಕನ್ನಡಕ್ಕೆ 128 ಸ್ಥಾನಗಳು, ಅವು ಮುಗಿದ ಕೂಡಲೇ ಮಲಯಾಳದ 128 ಸ್ಥಾನಗಳು. ನಡುವೆ ಒಂದು ಸ್ಥಾನದ ಅಂತರವೂ ಇಲ್ಲ. ಮಲಯಾಳವನ್ನು ಒಳಗೆ ಬಿಡುವ ಕಾಲಮ್ಮು ಕನ್ನಡವನ್ನು ತಡೆಯುತ್ತದೆಂದರೆ, ತಡೆಯಬೇಕೆಂಬ ಸಾಲನ್ನು ಯಾರೋ ಬರೆದಿದ್ದಾರೆ, ಇಲ್ಲವೇ ಬಿಡಬೇಕೆಂಬ ಯೋಚನೆಯೇ ಯಾರಿಗೂ ಬಂದಿಲ್ಲ. 1955ರಲ್ಲಿ ಫಿಲಡೆಲ್ಫಿಯಾದಲ್ಲಿ ಆದದ್ದೂ ಇದೇ: ಯಂತ್ರಕ್ಕೆ ತಕರಾರಿರಲಿಲ್ಲ. ಇಲ್ಲಿಯ ಕನ್ನಡಿಗರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಅವಕಾಶ ಕೊಟ್ಟಿದೆ. ಕಾಗದದ ಕಾಲದಲ್ಲಿ ಸಿಕ್ಕ ಹಕ್ಕು ಕಂಪ್ಯೂಟರ್ ಬಂದ ಮೇಲೆ ಹೆಚ್ಚು ಸಲೀಸಾಗಬೇಕಿತ್ತು.

ಈ ವಾರ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠದಲ್ಲಿ ಮಕ್ಕಳಿಗೆ, ಚರಗಳ (ವೇರಿಯಬಲ್‌ಗಳ) ಹೆಸರನ್ನು ಕನ್ನಡದಲ್ಲೇ ಬರೆದು ನೋಡಿ ಎಂದೆ. ಗಣಿತ, ವಿಜ್ಞಾನ, ಮೊತ್ತ ಎಂಬ ಹೆಸರುಗಳನ್ನಿಟ್ಟು ಒಬ್ಬಳು ತನ್ನ ಅಂಕಗಳನ್ನು ಕೂಡಿಸಿದಳು; ತೊಂದರೆಯಿಲ್ಲದೆ ಉತ್ತರ ಬಂತು. ‘ಸರ್, ಉತ್ತರ ತೋರಿಸಲು ಪ್ರಿಂಟ್ ಅಂತ ಮಾತ್ರ ಇಂಗ್ಲಿಷಿನಲ್ಲೇ ಯಾಕೆ ಬರೆಯಬೇಕು?’ ಎಂದು ಕೇಳಿದಳು. ಆಗ ಅವರಿಗೆ ಆ ಫ್ರೆಂಚ್ ಪ್ರೋಗ್ರಾಮಿನ ಕಥೆ ಹೇಳಿದೆ. ಪತಂಗದ ಕಥೆಗಿಂತ ಹೆಚ್ಚು ಪ್ರಶ್ನೆಗಳು ಬಂದವು.

ಅಜ್ಜಿಯ ಇನ್ನೊಂದು ಅರ್ಜಿಯನ್ನು ಬಿಳಿ ಕಾಗದದಲ್ಲಿ ಕನ್ನಡದಲ್ಲೇ ಬರೆದು ಕೊಟ್ಟಿದ್ದೇವೆ. ಕಾಲಮ್ಮು ಕನ್ನಡವನ್ನು ತೆಗೆದುಕೊಳ್ಳದಿರಲು ಇರುವ ತಾಂತ್ರಿಕ ಕಾರಣ ಯಾವುದೆಂದು ಲಿಖಿತವಾಗಿ, ಕನ್ನಡದಲ್ಲಿ, ತಿಳಿಸಬೇಕೆಂದೂ ಅದರಲ್ಲಿ ಕೇಳಿದ್ದೇವೆ. ಮಂಜೇಶ್ವರದಿಂದ ಮುಳ್ಳೇರಿಯದ ತನಕ ಈ ಕೆಂಪು ಗೆರೆ ಕಂಡವರು ದಯವಿಟ್ಟು ನೀವೂ ಹೀಗೇ ಕೇಳಿ. ಮಾದರಿ ಬೇಕಿದ್ದವರಿಗೆ ಅರ್ಜಿಯ ಪ್ರತಿಯನ್ನು ಕಳುಹಿಸುತ್ತೇನೆ.