ಮಂಡಿ ಊರಿದ ಬಾಂಡ್

ನಮ್ಮ ಮನೇಲಿ ಆಸ್ತಿ ವಿಷಯಕ್ಕೆ ಇದುವರೆಗೂ ಜಗಳ ಆಗಿಲ್ಲ (ಜಗಳ ಆಡೋಷ್ಟು ಆಸ್ತಿ ಇಲ್ಲ, ಅದು ಬೇರೆ ಮಾತು), ಆದ್ರೆ ಇಂಗ್ಲಿಷ್ ಸಿನಿಮಾದ ಗೂಢಚಾರ ಜೇಮ್ಸ್ ಬಾಂಡ್ ಪಾತ್ರ ಯಾವ ನಟ ಚೆನ್ನಾಗಿ ಮಾಡಿದ್ದು ಅನ್ನೋ ವಿಷಯಕ್ಕೆ ಮಾತ್ರ ವರ್ಷಕ್ಕೆರಡು ಸಲ ಮಾತು ಬಿಡೋ ಮಟ್ಟಕ್ಕೆ ಹೋಗತ್ತೆ. ಭಾವ ಶಾನ್ ಕಾನರಿ ಪಾರ್ಟಿ. ಅಕ್ಕನ ಮಗ ಡೇನಿಯಲ್ ಕ್ರೇಗ್ ಪಾರ್ಟಿ. ಅಕ್ಕ ರೋಜರ್ ಮೂರ್, ಯಾಕೆ ಅಂದ್ರೆ "ಅವನೊಬ್ಬ ನಗ್ತಾನೆ ಕಣೋ" ಅಷ್ಟೇ, ಮುಂದಕ್ಕೆ ವಾದ ಇಲ್ಲ. ಟಿಮತಿ ಡಾಲ್ಟನ್‌ಗೆ ಪಾಪ ನಮ್ಮನೇಲಿ ದಿಕ್ಕಿಲ್ಲ. ನಾನು ಜಾರ್ಜ್ ಲೇಜನ್‌ಬಿ ಪಾರ್ಟಿ, ಅಂದ್ರೆ ಅಧ್ಯಕ್ಷನೂ ನಾನೇ, ಕಾರ್ಯದರ್ಶಿನೂ ನಾನೇ, ಬಾವುಟ ಹಿಡ್ಕೊಂಡು ಹಿಂದೆ ನಿಲ್ಲೋನೂ ನಾನೇ.

ಲೇಜನ್‌ಬಿ ಯಾರು ಅಂತ ಕೇಳೋರೇ ಜಾಸ್ತಿ ಇರೋದ್ರಿಂದ ಹೇಳ್ತೀನಿ. 1962ರಿಂದ ಐದು ಸಿನಿಮಾ ಮಾಡಿ ಕಾನರಿ ಸಾಕಪ್ಪಾ ಸಾಕು ಅಂತ ಎದ್ದು ಹೋದಾಗ, 1969ರಲ್ಲಿ ಆ ಜಾಗಕ್ಕೆ ಬಂದ ಆಸ್ಟ್ರೇಲಿಯಾದ ಹುಡುಗ ಇವನು. ಮೊದಲು ಕಾರ್ ಮಾರ್ತಿದ್ದ, ಆಮೇಲೆ ಮಾಡೆಲ್ ಆದ, ಚಾಕೊಲೇಟ್ ಜಾಹೀರಾತಲ್ಲಿ ಮುಖ ತೋರಿಸಿದ್ದ, ನಟನೆ ಅನ್ನೋದು ದೇವರಾಣೆ ಗೊತ್ತಿರ್ಲಿಲ್ಲ. ಏನ್ಮಾಡಿದ ಗೊತ್ತಾ? ಕಾನರಿ ಹೊಲಿಸೋಕೆ ಕೊಟ್ಟು ತಗೊಂಡ್ ಹೋಗೋಕೆ ಬರದೇ ಬಿಟ್ಟಿದ್ದ ಸೂಟನ್ನ ಅದೇ ಟೈಲರ್ ಹತ್ರ ಕೊಂಡ್ಕೊಂಡ, ಕಾನರಿ ಹೋಗ್ತಿದ್ದ ಸಲೂನಲ್ಲೇ ಕಟಿಂಗ್ ಮಾಡಿಸ್ಕೊಂಡ, ನಿರ್ಮಾಪಕರ ಮುಂದೆ ಹೋಗಿ ನಾನು ಅಲ್ಲಿ ಇಲ್ಲಿ ಆಕ್ಟ್ ಮಾಡಿದೀನಿ ಅಂತ ಬುರುಡೆ ಬಿಟ್ಟ, ಟೆಸ್ಟ್ ಫೈಟ್ ಮಾಡಿಸಿದ್ರೆ ಸ್ಟಂಟ್‌ಮನ್ ಮೂಗಿಗೆ ನಿಜವಾಗ್ಲೂ ಗುದ್ದಿಬಿಟ್ಟ. ಪಾತ್ರ ಸಿಕ್ತು. ಈಗ ನೀವೇ ಹೇಳಿ, ಬೇರೆಯವನ ಬಟ್ಟೆ ಹಾಕ್ಕೊಂಡು ಸುಳ್ಳು ಹೇಳಿ ಒಳಗೆ ನುಗ್ಗೋದೇ ತಾನೇ ಗೂಢಚಾರನ ಕೆಲಸ? ಕಾನರಿ ಕ್ಯಾಮೆರಾ ಮುಂದೆ ಮಾಡಿದ್ದನ್ನ ಇವನು ಆಫೀಸಲ್ಲೇ ಮಾಡಿ ತೋರಿಸ್ದ.

ಮೊನ್ನೆ ಭಾನುವಾರ ಇದನ್ನೇ ಇಪ್ಪತ್ತನೇ ಸಲವೋ ಏನೋ ಹೇಳ್ತಿದ್ದೆ. ಭಾವ ಪೇಪರ್ ಮಡಚಿದ್ರು. ಅವರು ಪೇಪರ್ ಮಡಚಿದ್ರು ಅಂದ್ರೆ ಯುದ್ಧ ಶುರು.

"ಅಲ್ಲಯ್ಯಾ, ನಿನ್ನ ಲೇಜನ್‌ಬಿ ಸಿನಿಮಾದಲ್ಲಿ ಬಾಂಡ್ ವೇಷ ಮರೆಸ್ಕೊಂಡು ಸರ್ ಹಿಲರಿ ಅಂತ ಹೋಗ್ತಾನಲ್ಲ, ಅಲ್ಲಿ ಧ್ವನಿನೇ ಅವನದಲ್ಲ. ಜಾರ್ಜ್ ಬೇಕರ್ ಅನ್ನೋ ಬೇರೆ ನಟನ ಕೈಲಿ ಡಬ್ ಮಾಡಿಸಿದಾರೆ. ಮಾಡಿದ್ದು ಒಂದೇ ಸಿನಿಮಾ, ಅದ್ರಲ್ಲೂ ಅಷ್ಟೊತ್ತು ಬೇರೆಯವನ ಬಾಯಿ!"

ಇದು ನಿಜಾನೇ, ಅದಕ್ಕೇ ನಂಗೆ ಉರಿದೋಯ್ತು. "ಕಾನರಿ ಕೂದ್ಲು ಕಾನರಿದಾ ಭಾವ? ಎಲ್ಲಾ ಬಾಂಡ್ ಸಿನಿಮಾದಲ್ಲೂ ವಿಗ್ಗೇ" ಅಂದೆ. ಅಂದ್ಮೇಲೆ ನೋಡ್ತೀನಿ, ಭಾವ ನಿಧಾನಕ್ಕೆ ತಮ್ಮ ತಲೆ ಸವರಿಕೊಳ್ತಿದಾರೆ, ಅಲ್ಲಿ ಸವರೋಕೆ ಅಂಥದ್ದೇನೂ ಇಲ್ಲ. ಒಳಗಿಂದ ಅಕ್ಕ ಕೆಮ್ಮಿದ್ಲು. ಹೋಗ್ಲಿ ಬಿಡಿ ಅಂತ ನಾನೇ ಮಾತು ಕ್ರೇಗ್ ಕಡೆ ತಿರುಗಿಸ್ದೆ, ಪಾಪ ಹುಡುಗ ಮೊಬೈಲ್ ನೋಡ್ಕೊಂಡು ತನ್ನ ಪಾಡಿಗೆ ಬಿದ್ದಿದ್ದ.

"ನಿಮ್ಮ ಕ್ರೇಗ್‌ನ 2005ರಲ್ಲಿ ಅನೌನ್ಸ್ ಮಾಡ್ದಾಗ ಏನಾಯ್ತು ಗೊತ್ತೇನೋ, ಥೇಮ್ಸ್ ನದೀಲಿ ಬೋಟಲ್ಲಿ ಬಂದ, ಸೂಟ್ ಮೇಲೆ ಲೈಫ್ ಜಾಕೆಟ್ಟು! ಬಾಂಡ್‌ಗೆ ಈಜು ಬರಲ್ವಾ ಅಂತ ನಕ್ಕಿದ್ದೇ ನಕ್ಕಿದ್ದು. ಹೊಂಬಣ್ಣದ ಕೂದ್ಲಿನ ಬಾಂಡ್ ಬೇಡ್ವೇ ಬೇಡ ಅಂತ ಬಹಿಷ್ಕಾರಕ್ಕೇ ಕರೆ ಕೊಟ್ಟಿದ್ರು."

"ಆಮೇಲೆ ಏನಾಯ್ತು ಮಾಮ?"

ಆಮೇಲೆ ಏನಾಯ್ತು, 2006ರಲ್ಲಿ ಕ್ಯಾಸಿನೋ ರಾಯಲ್ ಬಂತು, ಬೈದೋರೆಲ್ಲಾ ಬಾಯಿ ಮುಚ್ಕೊಂಡ್ರು. ಆದ್ರೆ ನಾನು ಸೋಲೋನಲ್ಲ. "2021ರಲ್ಲಿ ಕ್ರೇಗ್ ಕೊನೇ ಸಿನಿಮಾ ಮುಗಿಯುವಾಗ ನೀನು ಕಣ್ಣೊರೆಸ್ಕೊಂಡ್ಯಲ್ಲ, ಅಲ್ಲಿ ಹಾಕಿದ್ದು ಯಾರ ಹಾಡು? ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದು, ಲೇಜನ್‌ಬಿ ಸಿನಿಮಾದ್ದು! ಐವತ್ತೆರಡು ವರ್ಷ ಆದ್ಮೇಲೂ ಅಳಿಸೋಕೆ ನಮ್ಮೋನೇ ಬೇಕಾಯ್ತು." ಹುಡುಗ ಮೊಬೈಲ್ ಕೆಳಗಿಟ್ಟ. ಒಂದು ವೋಟು ಅಲ್ಲಾಡ್ತು ಅನ್ಕೊಂಡೆ.

ಆಗ ಭಾವ ಎದ್ದು ನಿಂತ್ರು. "ಹಾಡು ಪಾಡು ಬಿಡು. ಬಾಂಡ್ ಅಂದ್ರೆ ನಡಿಗೆ ಕಣಯ್ಯಾ. ಸಿನಿಮಾ ಶುರುವಾಗೋವಾಗ ಬಂದೂಕಿನ ನಳಿಗೆ ಒಳಗಿಂದ ಕಾಣತ್ತಲ್ಲ, ಬಲಗಡೆಯಿಂದ ನಡ್ಕೊಂಡ್ ಬಂದು, ಫಟ್ ಅಂತ ತಿರುಗಿ ನಮ್ ಕಡೆಗೇ ಗುಂಡು ಹೊಡೀತಾನಲ್ಲ, ಆ ನಡಿಗೇಲೇ ಗೊತ್ತಾಗತ್ತೆ ಯಾರು ಗಂಡಸು ಅಂತ. ಕಾನರಿ ಮೊದಲ್ನೇ ಸಿನಿಮಾದಲ್ಲೇ ಹೆಂಗೆ ನಡೀತಾನೆ, ನೋಡು ಇಲ್ಲಿ." ರಿಮೋಟ್ ತಗೊಂಡ್ರು. ಟಿವಿ ಸ್ಟ್ಯಾಂಡಿಂದ ಶೂ ರ‍್ಯಾಕ್ ತನಕ ನಡೆದ್ರು, ತಿರುಗಿ ರಿಮೋಟ್ ಒತ್ತಿದ್ರು. ಗುಂಡು ಹಾರ್ಲಿಲ್ಲ, ಚಾನೆಲ್ ಚೇಂಜ್ ಆಯ್ತು. ನಿಜ ಹೇಳ್ಬೇಕಂದ್ರೆ ಚೆನ್ನಾಗೇ ಇತ್ತು, ಪಂಚೆ ಇದ್ದಿದ್ದಕ್ಕೆ ಸ್ವಲ್ಪ ಗಾಂಭೀರ್ಯ ಜಾಸ್ತೀನೇ ಬಂತು.

"ಅಪ್ಪಾ, ಅದು ಕಾನರಿ ಅಲ್ಲ" ಅಂದ ಹುಡುಗ, ಮೊಬೈಲ್ ನೋಡ್ತಾ. "ಮೊದಲ ಮೂರು ಸಿನಿಮಾದಲ್ಲೂ ಆ ಸೀನಲ್ಲಿ ನಡೆದಿದ್ದು ಬಾಬ್ ಸಿಮನ್ಸ್ ಅಂತ ಸ್ಟಂಟ್‌ಮನ್ನು. ಕಾನರಿ ನಡೆದಿದ್ದು ನಾಲ್ಕನೇದ್ರಿಂದ."

ಭಾವನ ಮುಖ ನೋಡ್ಬೇಕಿತ್ತು. ಇಷ್ಟು ವರ್ಷ ಕಾನರಿ ನಡಿಗೆ ಕಾನರಿ ನಡಿಗೆ ಅಂತ ಆಡ್ಕೊಂಡ್ ಬಂದಿದ್ದು ಬಾಬ್ ಸಿಮನ್ಸ್ ನಡಿಗೆ! ಸಾಲದ್ದಕ್ಕೆ ನಾಲ್ಕನೇದ್ರಲ್ಲಿ ತಿರುಗಿ ಗುಂಡು ಹೊಡೆಯುವಾಗ ಕಾನರಿ ಸ್ವಲ್ಪ ತೂರಾಡ್ತಾನೆ ಅನ್ನೋದನ್ನೂ ನಾನು ಸೇರಿಸ್ದೆ. ಅಲ್ಲಿಗೆ ನಿಲ್ಲಿಸಿದ್ರೆ ನಾನು ಬುದ್ಧಿವಂತ. ಗೆದ್ದ ಅಮಲು ನೋಡಿ, ರಿಮೋಟ್ ಕಿತ್ಕೊಂಡೆ. "ಈಗ ಲೇಜನ್‌ಬಿ ನೋಡಿ. ಎಲ್ಲರೂ ನಿಂತು ಹೊಡೆದ್ರೆ ಇವನೊಬ್ಬನೇ ಒಂದು ಮಂಡಿ ಊರಿ ಹೊಡೀತಾನೆ."

ಇಲ್ಲೊಂದು ತಾಂತ್ರಿಕ ವಿಷಯ. ಲೇಜನ್‌ಬಿಗೆ ಆಗ ಇಪ್ಪತ್ತೊಂಬತ್ತು ವರ್ಷ, ಬಾಂಡ್‌ಗಳಲ್ಲೇ ಚಿಕ್ಕೋನು, ಅವನ ಕೆಳಗಿದ್ದಿದ್ದು ಸ್ಟುಡಿಯೋ ನೆಲ. ನಂಗೆ ನಲವತ್ತೇಳು, ನನ್ನ ಕೆಳಗಿದ್ದಿದ್ದು ಆಗ ತಾನೇ ಒರೆಸಿದ ಟೈಲ್ಸ್ ಮೇಲಿನ ಕಾಲೊರೆಸು. ಆರು ಹೆಜ್ಜೆ ಚೆನ್ನಾಗೇ ಹೋದೆ, ತಿರುಗಿದೆ, ಮಂಡಿ ಊರಿದೆ, ಕಾಲೊರೆಸು ನನ್ನನ್ನ ಹಂಗೇ ಕೂರಿಸ್ಕೊಂಡು ಶೂ ರ‍್ಯಾಕ್ ಕಡೆ ಹೊರಡ್ತು. ರಿಮೋಟ್ ಕೈ ತಪ್ಪಿ ಸೋಫಾ ಹಿಂದಕ್ಕೆ ಹೋಗಿ ಬಿತ್ತು, ಬೀಳೋ ಮುಂಚೆ ಯಾವ ಬಟನ್ ಒತ್ತಿದ್ನೋ ಏನೋ ಟಿವಿ ಜೋರಾಗಿ ಮಿಕ್ಸಿ ಜಾಹೀರಾತು ಕಿರಚೋಕೆ ಶುರು ಮಾಡ್ತು. ನನ್ನ ಮಂಡಿ ಒಳಗೆ ಏನೋ ಲಟಕ್ ಅಂತು. ಏಳೋಕೆ ಹೋದ್ರೆ ಆಗ್ತಿಲ್ಲ, ಮಲಗೋಣ ಅಂದ್ರೂ ಆಗ್ತಿಲ್ಲ, ಯಾರಿಗೋ ಪ್ರಪೋಸ್ ಮಾಡೋ ಭಂಗೀಲಿ ಶೂ ರ‍್ಯಾಕ್ ಎದುರು ಸಿಕ್ಕಾಕ್ಕೊಂಡೆ.

ಭಾವ ಹತ್ರ ಬಂದು ಬಗ್ಗಿದ್ರು. ಎತ್ತೋಕೆ ಅನ್ಕೊಂಡ್ರೆ, ಕಿವೀಲಿ ಹೇಳಿದ್ರು: "ಆ ಸೀನಲ್ಲಿ ಮೇಲಿಂದ ರಕ್ತ ಇಳಿದು ಬರತ್ತಲ್ಲ, ಬೇರೆ ಬಾಂಡ್‌ಗಳು ಅದ್ರ ಹಿಂದೆ ಕಾಣ್ತಾರೆ, ನಿಮ್ಮೋನ್ನ ಮಾತ್ರ ಪೂರ್ತಿ ಅಳಿಸೇ ಹಾಕತ್ತೆ. ಗಮನಿಸಿದೀಯಾ?" ಗಮನಿಸಿದೀನಿ. ಅದು ನಿಜಾನೇ. ಮಂಡಿಗಿಂತ ಅದು ಜಾಸ್ತಿ ನೋಯ್ತು.

ಅಕ್ಕ ಬಂದ್ಲು. ನನ್ನ ನೋಡಿದ್ಲು, ಟಿವಿ ನೋಡಿದ್ಲು, ಸೀದಾ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದ್ಲು. ಮನೆ ಗಪ್‌ಚಿಪ್ ಆಯ್ತು. "ರೋಜರ್ ಮೂರ್ ಐವತ್ತೇಳು ವರ್ಷದ ತನಕ ಬಾಂಡ್ ಆಗಿದ್ದ, ಒಂದ್ಸಲನಾದ್ರೂ ಹಿಂಗೆ ಬಿದ್ದಿದ್ನಾ?" ಅಂದ್ಲು. ಓಡೋ ಸೀನಿಗೆಲ್ಲಾ ಅವನು ಡ್ಯೂಪ್ ಇಟ್ಕೊಂಡಿದ್ದ ಅಂತ ಹೇಳೋಣ ಅಂತ ಬಾಯಿ ತೆಗೆದೆ, ಮುಲಾಮು ಡಬ್ಬಿ ಅವಳ ಕೈಲಿತ್ತು, ಮುಚ್ಚಿದೆ.

ಅಪ್ಪ ಮಗ ಇಬ್ಬರೂ ಸೇರಿ ಎರಡು ಕಡೆ ಕಂಕುಳಿಗೆ ಕೈ ಹಾಕಿ ನನ್ನ ಎತ್ತಿ ಸೋಫಾ ಮೇಲೆ ಹಾಕಿದ್ರು. ಇವತ್ತಿಗೆ ನಾಲ್ಕು ದಿನ ಆಯ್ತು. ರಿಮೋಟಿನ ಹಿಂದಿನ ಮುಚ್ಚಳ ಇನ್ನೂ ಸಿಕ್ಕಿಲ್ಲ, ರಬ್ಬರ್ ಬ್ಯಾಂಡ್ ಹಾಕಿದೀವಿ. ನನ್ನನ್ನ ಎತ್ತುವಾಗ "ಅಯ್ಯೋ ಅಮ್ಮಾ ಸತ್ತೆ" ಅಂತ ಒಂದು ಕೂಗು ಪಕ್ಕದ ಮನೆ ತನಕ ಕೇಳಿಸ್ತಂತೆ, ಅದನ್ನೇ ಹಿಡ್ಕೊಂಡು ಭಾವ ದಿನಾ ಫೋನ್ ಮಾಡಿ ಆಡ್ಕೋತಿದಾರೆ. ನಾನು ಸ್ಪಷ್ಟವಾಗಿ ಹೇಳಿದೀನಿ: ಆ ಧ್ವನಿ ನಂದಲ್ಲ, ಜಾರ್ಜ್ ಬೇಕರ್ ಕೈಲಿ ಡಬ್ ಮಾಡಿಸಿದ್ದು.