ಪಾಠ ಬೇಕು, ಜಾತ್ರೆ ಬೇಡ ಅಂದ್ರೆ ಯಾಕೆ ಕೇಳಿಸಲ್ಲ ಇವರಿಗೆ?

ನನಗೆ ಬೇಕಿರೋದು ಒಂದು ಪಾಠ. ಐಐಟಿ ಪ್ರೊಫೆಸರ್ ಒಬ್ಬರು ಬೋರ್ಡಿನ ಮುಂದೆ ನಿಂತು ಎಂಟ್ರೊಪಿ ಅಂದ್ರೆ ಏನು ಅಂತ ನಿಧಾನವಾಗಿ ಬಿಡಿಸಿ ಹೇಳೋ ಪಾಠ. ಅದನ್ನ ನೋಡ್ಬೇಕು, ನೋಟ್ಸ್ ಬರ್ಕೋಬೇಕು, ಎರಡು ಲೆಕ್ಕ ಮಾಡ್ಬೇಕು, ಮಲಗ್ಬೇಕು. ಇಷ್ಟಕ್ಕೋಸ್ಕರ ದಿನಾ ರಾತ್ರಿ ಬ್ರೌಸರಿನ ಜೊತೆ ಗುದ್ದಾಡ್ಬೇಕಾ? ಹೊಟ್ಟೆ ಉರಿಯುತ್ತೆ, ಅದಕ್ಕೇ ಬರೀತಿದ್ದೀನಿ.

ಹಗಲು ಪೀಣ್ಯದಲ್ಲಿ ಕೆಲಸ. ಶಿಫ್ಟ್ ಮುಗಿಸಿ, ಬಸ್ಸಲ್ಲಿ ನಿಂತ್ಕೊಂಡು ರೂಮಿಗೆ ಬಂದು, ಊಟ ಮಾಡಿ ಕೂರೋ ಹೊತ್ತಿಗೆ ನನ್ನದು ಅಂತ ಉಳಿಯೋದು ಸ್ವಲ್ಪ ಸಮಯ. ಅದರಲ್ಲೇ ಎಂ.ಟೆಕ್ ಸೇರೋಕೆ ಬರೆಯೋ ಗೇಟ್ ಪರೀಕ್ಷೆಗೆ ಓದ್ಬೇಕು. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅಲ್ಲಿ ಒಂದೊಂದು ಅಂಕ ತಪ್ಪಿದ್ರೂ ರ‍್ಯಾಂಕು ಎಲ್ಲೆಲ್ಲಿಗೋ ಹೋಗುತ್ತೆ. ಕೋಚಿಂಗಿಗೆ ಸೇರೋಷ್ಟು ದುಡ್ಡಿಲ್ಲ. ನನ್ನಂಥೋರಿಗೆ ಇರೋ ಒಂದೇ ದಾರಿ ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠಗಳ ಯೋಜನೆ. 2003ರಲ್ಲಿ ಏಳು ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್ಸಿಯೂ ಸೇರಿ ಕೇಂದ್ರ ಸರ್ಕಾರದ ದುಡ್ಡಲ್ಲಿ ಶುರು ಮಾಡಿದ್ದು. ಆ ಕ್ಯಾಂಪಸ್ಸಿನ ಗೇಟು ದಾಟೋ ಭಾಗ್ಯ ಇಲ್ಲದ ಹುಡುಗ ಹುಡುಗಿಯರಿಗೂ ಅದೇ ಮೇಷ್ಟ್ರುಗಳ ಪಾಠ ಪುಕ್ಕಟೆಯಾಗಿ ಸಿಗ್ಲಿ ಅಂತ ಮಾಡಿದ ಕೆಲಸ. ಈ ದೇಶದಲ್ಲಿ ನನಗೆ ನಿಜಕ್ಕೂ ಗೌರವ ಇರೋ ಕೆಲವೇ ಯೋಜನೆಗಳಲ್ಲಿ ಅದೂ ಒಂದು.

ಆದರೆ ಆ ಪಾಠಗಳು ಇರೋದು ಎಲ್ಲಿ? ಮನರಂಜನೆ ಮಾರೋ ವಿಡಿಯೊ ತಾಣ ಯೂಟ್ಯೂಬಲ್ಲಿ. ಕೋರ್ಸಿನ ಸ್ವಂತ ಪುಟಕ್ಕೇ ಹೋದ್ರೂ ಒಳಗೆ ಕೂರಿಸಿರೋ ಪ್ಲೇಯರ್ ಅದೇ ತಾಣದ್ದು. ಜಾತ್ರೆಯ ನಟ್ಟನಡುವೆ ಲೈಬ್ರರಿ ಕಟ್ಟಿದ ಹಾಗಾಯ್ತು. ಪುಸ್ತಕ ಬೇಕು ಅಂದ್ರೆ ತೊಟ್ಟಿಲು, ಬತ್ತಾಸು, ತುತ್ತೂರಿ ಎಲ್ಲಾ ದಾಟ್ಕೊಂಡೇ ಹೋಗ್ಬೇಕು, ವಾಪಸ್ ಬರೋವಾಗ್ಲೂ ಅದೇ ದಾರಿ.

ಪಾಠ ನಡೀತಿರೋವಾಗ್ಲೇ ಬಲಗಡೆ ಸಾಲಾಗಿ ಚಿತ್ರಗಳು. ನಿನ್ನೆ ಮ್ಯಾಚಿನ ಕೊನೇ ಓವರು, ರಿಯಾಲಿಟಿ ಶೋ ಜಗಳ, ರಸ್ತೆಗೆ ಬಂದ ಕಾಡಾನೆ. ಬಾಯಿ ತೆರೆದಿರೋ ಮುಖ, ಕೆಂಪು ಬಾಣ, ದಪ್ಪ ಹಳದಿ ಅಕ್ಷರ. ಪಾಠ ಮುಗಿದ ಕ್ಷಣ ಪರದೆ ತುಂಬಾ ಇನ್ನಷ್ಟು ಚಿತ್ರ. ಪ್ರೊಫೆಸರ್ ‘ಮುಂದಿನ ತರಗತಿಯಲ್ಲಿ ನೋಡೋಣ’ ಅಂದಿರ್ತಾರೆ, ಮುಂದಿನ ತರಗತಿ ಎಲ್ಲಿದೆ ಅಂತ ಹುಡುಕೋಕೆ ಹೋಮ್ ಪೇಜಿಗೆ ಹೋದ್ರೆ ಅಲ್ಲಿ ಶಾರ್ಟ್ಸ್ ಅನ್ನೋ ತುಂಡು ವಿಡಿಯೊಗಳ ಉದ್ದ ಸಾಲು ಕಾಯ್ತಿರುತ್ತೆ. ದಿನವಿಡೀ ಮೆಷಿನ್ ಮುಂದೆ ನಿಂತು ದಣಿದ ತಲೆಗೆ ಯಾವ ಹೊತ್ತಲ್ಲಿ ಯಾವ ಚಿತ್ರ ತೋರಿಸಿದ್ರೆ ಕೈ ತಾನಾಗೇ ಅಲ್ಲಿಗೆ ಹೋಗುತ್ತೆ ಅಂತ ಲೆಕ್ಕ ಹಾಕೋದೇ ಕೆಲಸವಾಗಿರೋ ಯಂತ್ರ ಆ ಕಡೆ ಕೂತಿದೆ. ಈ ಕಡೆ ನಿದ್ದೆಗೆಟ್ಟ ನಾನು.

ಸರಿ, ಬ್ಲಾಕ್ ಮಾಡೋಣ ಅಂತ ಹೊರಟೆ. ಇಲ್ಲಿಂದ ಶುರು ನಿಜವಾದ ನರಕ.

ಮೊದಲು ಹೋಸ್ಟ್ಸ್ ಫೈಲ್, ಅಂದ್ರೆ ಯಾವ ತಾಣದ ಹೆಸರಿಗೆ ಯಾವ ವಿಳಾಸ ಅಂತ ಕಂಪ್ಯೂಟರ್ ನೋಡ್ಕೊಳ್ಳೋ ಪಟ್ಟಿ. ವಿಂಡೋಸಲ್ಲಿ ಸಿಸ್ಟಮ್32 ಫೋಲ್ಡರಿನ ಆಳದಲ್ಲಿ ಇರುತ್ತೆ. ನೋಟ್‌ಪ್ಯಾಡನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, 127.0.0.1 ಅಂತ, ಅಂದ್ರೆ ಈ ಕಂಪ್ಯೂಟರಿನದ್ದೇ ವಿಳಾಸ, ಹಾಕಿ ಪಕ್ಕದಲ್ಲಿ ತಾಣದ ಹೆಸರು ಬರೆದ್ರೆ ಆ ತಾಣ ಈ ಕಂಪ್ಯೂಟರಿಗೆ ಸತ್ತ ಹಾಗೆ. ಪರಿಣಾಮ? ಜಾತ್ರೆಯ ಜೊತೆ ಲೈಬ್ರರಿಯೂ ಹೋಯ್ತು. ಹೋಸ್ಟ್ಸ್ ಫೈಲಿಗೆ ಡೊಮೈನ್, ಅಂದ್ರೆ ಇಡೀ ತಾಣದ ಹೆಸರು ಮಾತ್ರ ಅರ್ಥವಾಗೋದು. ಅದೇ ತಾಣದೊಳಗಿನ ಈ ಪುಟ ಬೇಕು, ಆ ಪುಟ ಬೇಡ ಅಂತ ಅದಕ್ಕೆ ಹೇಳೋಕೆ ಆಗಲ್ಲ. ರೂಟರಿನಲ್ಲಿ ತಡೆದ್ರೂ ಅದೇ ಕಥೆ. ಮೇಲಾಗಿ ಬ್ರೌಸರಿನಲ್ಲಿ ‘ಸೆಕ್ಯೂರ್ ಡಿಎನ್‌ಎಸ್’ ಬೇರೆ ಕಂಪನಿಯ ಸರ್ವರಿಗೆ ಆನ್ ಆಗಿದ್ರೆ, ರೂಟರಿನ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿ ಕೊಡೋ ವ್ಯವಸ್ಥೆ) ತಡೆಯನ್ನ ಕೇಳೋದೇ ಇಲ್ಲ, ನೇರ ಹೊರಗಡೆ ಸರ್ವರಿನಿಂದ ವಿಳಾಸ ತರಿಸ್ಕೊಳ್ಳುತ್ತೆ.

ಆಮೇಲೆ ಎಕ್ಸ್‌ಟೆನ್ಷನ್‌ಗಳು, ಬ್ರೌಸರಿಗೆ ಸೇರಿಸ್ಕೊಳ್ಳೋ ಪುಟ್ಟ ಪ್ರೋಗ್ರಾಂಗಳು. ಹಾಕೋ ಮೊದಲೇ ಬಹಳಷ್ಟು ಕೇಳೋದೇನು ಗೊತ್ತಾ? ನೀವು ತೆರೆಯೋ ಎಲ್ಲಾ ತಾಣಗಳ ಎಲ್ಲಾ ಮಾಹಿತಿಯನ್ನ ಓದೋ, ಬದಲಾಯಿಸೋ ಅನುಮತಿ. ಕಾಡಾನೆ ವಿಡಿಯೊ ತಡೆಯೋಕೆ ನನ್ನ ಬ್ಯಾಂಕಿನ ಪುಟದ ಕೀಲಿಯನ್ನೂ ಯಾರೋ ಗುರುತಿಲ್ಲದವನ ಕೈಗೆ ಕೊಡ್ಬೇಕು. ಧೈರ್ಯ ಮಾಡಿ ಹಾಕಿದ್ರೆ ಕೆಲವು ಪುಕ್ಕಟೆಗೆ ಎರಡು ಮೂರು ತಾಣ ಮಾತ್ರ ಅನ್ನುತ್ವೆ, ಉಳಿದದ್ದಕ್ಕೆ ತಿಂಗಳು ತಿಂಗಳು ಡಾಲರಿನಲ್ಲಿ ಕಟ್ಟಿ. ಅಂದ್ರೆ ಗಮನ ಕದಿಯೋಕೂ ಒಬ್ಬ, ಕದ್ದದ್ದನ್ನ ವಾಪಸ್ ಮಾರೋಕೂ ಇನ್ನೊಬ್ಬ!

ದುಡ್ಡಿಲ್ಲದೆ ಒಳ್ಳೇ ಕೆಲಸ ಮಾಡೋವೂ ಇದಾವೆ, ಇಲ್ಲ ಅನ್ನಲ್ಲ. ಲೀಚ್‌ಬ್ಲಾಕ್ ಅನ್ನೋ ಎಕ್ಸ್‌ಟೆನ್ಷನ್‌ನಲ್ಲಿ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಈ ತಾಣ ಬೇಡ, ಆದರೆ ಅದರ ಈ ವಿಳಾಸ ಬಿಡು ಅಂತ ಬರೀಬಹುದು. ಅದನ್ನ ಮಾಡಿಟ್ಟೋರಿಗೆ ಕೈ ಮುಗೀತೀನಿ. ಆದರೆ ಆ ವಿಳಾಸಗಳ ಸಾಲು ಬರೆಯೋದನ್ನ ಕಲಿಯೋದೇ ಒಂದು ಪಾಠ. ಇನ್ನು ಸರಳವಾದ ಬ್ಲಾಕರ್‌ಗಳು ಮೋಸ ಹೋಗೋದು ಹೇಗೆ ಅಂದ್ರೆ, ಇಂಥ ತಾಣಗಳು ಒಂದು ವಿಡಿಯೊದಿಂದ ಇನ್ನೊಂದಕ್ಕೆ ಹೋಗೋವಾಗ ಪುಟವನ್ನ ಹೊಸದಾಗಿ ತರಿಸೋದೇ ಇಲ್ಲ. ಅದೇ ಪುಟದೊಳಗೆ ವಿಡಿಯೊ ಬದಲಾಗುತ್ತೆ, ಮೇಲೆ ವಿಳಾಸ ಸುಮ್ಮನೆ ಬದಲಾಗುತ್ತೆ. ಹೊಸ ಪುಟ ಬಂದಾಗ ಮಾತ್ರ ಎಚ್ಚರವಾಗೋ ಬ್ಲಾಕರಿಗೆ ಏನೂ ಗೊತ್ತಾಗಲ್ಲ. ಪಕ್ಕದ ಸಾಲನ್ನ, ಶಾರ್ಟ್ಸ್ ಸಾಲನ್ನ ಮರೆಮಾಡೋ ಎಕ್ಸ್‌ಟೆನ್ಷನ್‌ಗಳದ್ದು ಇನ್ನೊಂದು ಗೋಳು. ಆ ತಾಣದೋರು ಪುಟದ ಒಳಗಿನ ಹೆಸರುಗಳನ್ನ ಬದಲಾಯಿಸಿದ ದಿನ ಅವು ಕೆಡುತ್ವೆ, ಮರೆಯಾಗಿದ್ದ ಸಾಲು ಮತ್ತೆ ಮೇಲೆದ್ದು ಬರುತ್ತೆ. ಅದನ್ನ ಬಿಡುವಿನ ವೇಳೆಯಲ್ಲಿ ಬರೆದವನು ಮತ್ತೆ ಸರಿ ಮಾಡೋವರೆಗೂ ನಾನು ಕಾಯ್ಬೇಕು. ನನ್ನ ಪರೀಕ್ಷೆ ಕಾಯಲ್ಲ.

ಹೋಗ್ಲಿ, ಆ ತಾಣದ ಸೆಟ್ಟಿಂಗ್‌ನಲ್ಲೇ ಏನಾದ್ರೂ ಇದೆಯಾ ಅಂತ ನೋಡಿದ್ರೆ, ಒಂದಿದೆ. ನೋಡಿದ್ದರ ಇತಿಹಾಸ, ಅದೇ ವಾಚ್ ಹಿಸ್ಟರಿ, ನಿಲ್ಲಿಸಿದ್ರೆ ಹೋಮ್ ಪೇಜ್ ಖಾಲಿ. 2023ರ ಆಗಸ್ಟಿನಿಂದ ಯೂಟ್ಯೂಬಲ್ಲಿ ಹೀಗಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಇತಿಹಾಸ ನಿಲ್ಲಿಸಿದ್ರೆ ಪಾಠವನ್ನ ಎಲ್ಲಿಗೆ ಬಿಟ್ಟಿದ್ದೆ ಅನ್ನೋ ಗುರುತೂ ಹೋಗುತ್ತೆ. ಪಾಠದ ಪಕ್ಕದ ಸಾಲು ಮಾತ್ರ ಹೋಗಲ್ಲ. ಕಲಿಯೋನಿಗೆ ಬೇಕಾದ ಗುರುತನ್ನ ಕಿತ್ಕೊಂಡು, ಬೇಡದ್ದನ್ನ ಬಿಟ್ಟು ಹೋಗೋ ವ್ಯವಸ್ಥೆ. ಶಾರ್ಟ್ಸ್ ಬೇಡ ಅಂತ ಕಂಪ್ಯೂಟರಿನಲ್ಲಿ ‘X’ ಗುರುತು ಒತ್ತಿದ್ರೆ ‘30 ದಿನ ಮರೆಮಾಡ್ತೀವಿ’ ಅಂತ ಬರ್ತಿದ್ದ ಕಾಲವೂ ಇತ್ತು. ಯಾಕೆ 30 ದಿನ? ನಾನು ಬೇಡ ಅಂದಿದ್ದು ಬೇಡ ಅಂತ, ಸ್ವಲ್ಪ ದಿನ ಬಿಟ್ಟು ಬನ್ನಿ ಅಂತಲ್ಲ.

ಇದೆಲ್ಲಾ ಗೊತ್ತಿಲ್ಲದೆ ಆಗಿದ್ದಲ್ಲ ಅನ್ನೋದೇ ನನ್ನ ಸಿಟ್ಟಿನ ಬೇರು. 2012ರಲ್ಲೇ ಯೂಟ್ಯೂಬ್ ಎಷ್ಟು ಜನ ಕ್ಲಿಕ್ ಮಾಡಿದ್ರು ಅನ್ನೋದಕ್ಕಿಂತ ಎಷ್ಟು ಹೊತ್ತು ನೋಡಿದ್ರು ಅನ್ನೋದನ್ನ ಮುಖ್ಯ ಅಳತೆ ಮಾಡ್ಕೊಳ್ತು. 2018ರಲ್ಲಿ, ಆಗ ಅಲ್ಲಿ ಪ್ರಾಡಕ್ಟ್ ವಿಭಾಗದ ಮುಖ್ಯಸ್ಥರಾಗಿದ್ದ, ಈಗ ಸಿಇಒ ಆಗಿರೋ ನೀಲ್ ಮೋಹನ್ ಅವರೇ ಹೇಳಿದ ಲೆಕ್ಕ: ಜನ ನೋಡೋ ಸಮಯದಲ್ಲಿ ಶೇ 70ಕ್ಕೂ ಹೆಚ್ಚು, ಯಂತ್ರ ತಾನಾಗಿ ಶಿಫಾರಸು ಮಾಡಿದ ವಿಡಿಯೊಗಳಿಂದ. ಅಂದ್ರೆ ಜನ ತಾವೇ ಹುಡುಕ್ಕೊಂಡು ಹೋಗಿದ್ದು ಚೂರು, ಮುಂದೆ ತಂದಿಟ್ಟಿದ್ದು ರಾಶಿ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧ ಆಯ್ತು. ಜುಲೈನಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸ್ ಭಾರತಕ್ಕೆ ಬಂತು. ಸೆಪ್ಟೆಂಬರಿನಲ್ಲಿ ಶಾರ್ಟ್ಸ್ ಬಂತು, ಅದೂ ಜಗತ್ತಿನಲ್ಲೇ ಮೊದಲು ನಮ್ಮ ದೇಶದಲ್ಲಿ. ಪ್ರಯೋಗ ನಡೆದಿದ್ದೇ ನಮ್ಮ ಮೇಲೆ.

2021ರಲ್ಲಿ ಇನ್ನೊಂದು ಆಯ್ತು. 18 ವರ್ಷದೊಳಗಿನೋರ ಖಾತೆಗಳಲ್ಲಿ ಆಟೊಪ್ಲೇ, ಅಂದ್ರೆ ಒಂದು ವಿಡಿಯೊ ಮುಗಿದ್ರೆ ಇನ್ನೊಂದು ತಾನಾಗೇ ಶುರುವಾಗೋದು, ಮೊದಲಿಂದಲೇ ಆಫ್ ಇರ್ಲಿ ಅಂತ ಅದೇ ಯೂಟ್ಯೂಬ್ ತೀರ್ಮಾನ ಮಾಡ್ತು. ಒಳ್ಳೇದು ಮಾಡಿದ್ರು. ಆದರೆ ಕೇಳ್ತೀನಿ, 18 ತುಂಬಿದ ಮಾರನೇ ದಿನ ಮನುಷ್ಯನ ಮೆದುಳು ಕಲ್ಲಾಗುತ್ತಾ? ಹದಿನೇಳರ ಹುಡುಗನಿಗೆ ಕೆಟ್ಟದ್ದು ಅಂತ ಗೊತ್ತಿರೋದು, ಶಿಫ್ಟ್ ಮುಗಿಸಿ ಬಂದ ಇಪ್ಪತ್ತಾರರೋನಿಗೆ ಹೇಗೆ ಒಳ್ಳೇದಾಯ್ತು?

ಇದನ್ನ ಯಾರ ಹತ್ರ ಹೇಳಿದ್ರೂ ಒಂದೇ ಉತ್ತರ. ಮೊನ್ನೆ ಊರಿಗೆ ಹೋದಾಗ ಚಿಕ್ಕಪ್ಪ ಅಂದ್ರು, ‘ನಿನ್ ಮನಸ್ಸು ನಿನ್ ಹತೋಟೀಲಿದ್ರೆ ಅದೇನ್ ಮಾಡುತ್ತೋ? ನಾವೆಲ್ಲಾ ಬೀದಿ ದೀಪದ ಕೆಳಗೆ ಓದಿಲ್ವಾ?’ ಚಿಕ್ಕಪ್ಪ, ನಿಮ್ಮ ಮೇಲೆ ಗೌರವ ಇದೆ. ಆದರೆ ಆ ಬೀದಿ ದೀಪ ನಿಮ್ಮ ಕಣ್ಣು ಎಲ್ಲಿ ಎಷ್ಟು ಹೊತ್ತು ನಿಲ್ತು ಅಂತ ಬರ್ಕೊಂಡು, ನಾಳೆ ಅದಕ್ಕೆ ತಕ್ಕ ಆಸೆ ತೋರಿಸ್ತಿರ್ಲಿಲ್ಲ. ಕೆಲಸದ ಜಾಗದಲ್ಲೂ ಅದೇ ಮಾತು. ‘ಡಿಸಿಪ್ಲಿನ್ ಬೇಕು ಗುರು.’ ಸಾವಿರಾರು ಎಂಜಿನಿಯರುಗಳು ಸಂಬಳ ತಗೊಂಡು ಕಟ್ಟಿರೋ ಯಂತ್ರದ ಎದುರು ಒಬ್ಬನೇ ನಿಂತು ಗೆಲ್ಲೋದು ನನ್ನ ಗುಣದ ಪರೀಕ್ಷೆ ಅಂತೆ. ಸೋತ್ರೆ ತಪ್ಪು ನನ್ನದಂತೆ. ಈ ಮಾತು ಕೇಳಿ ಕೇಳಿ ಕಿವಿ ಸುಟ್ಟುಹೋಗಿದೆ.

ನಾನಾದ್ರೂ ದೊಡ್ಡೋನು, ಹೋಸ್ಟ್ಸ್ ಫೈಲು ಹುಡುಕೋಷ್ಟು ಗೊತ್ತು. ನಮ್ಮಕ್ಕನ ಮಗ ಹತ್ತನೇ ಕ್ಲಾಸು. ಶಾಲೆ ವಾಟ್ಸಾಪ್ ಗುಂಪಿಗೆ ವಿಜ್ಞಾನದ ಪಾಠದ ಲಿಂಕ್ ಬರುತ್ತೆ, ಒತ್ತಿದ್ರೆ ತೆರೆಯೋದು ಅದೇ ತಾಣ. ಅಕ್ಕ ಅಡುಗೆ ಮನೆಯಿಂದ ಕೂಗ್ತಾಳೆ, ‘ಏನೋ ನೋಡ್ತಿದೀಯ?’ ‘ಪಾಠ ಅಮ್ಮ’ ಅಂತಾನೆ. ಸುಳ್ಳಲ್ಲ, ಶುರುವಾಗಿದ್ದು ಪಾಠದಿಂದಲೇ. ಬ್ಲಾಕ್ ಮಾಡಿದ್ರೆ ಮೇಷ್ಟ್ರು ಕೊಟ್ಟ ಹೋಮ್‌ವರ್ಕ್ ಹೋಗುತ್ತೆ, ಬಿಟ್ರೆ ಹುಡುಗ ಹೋಗ್ತಾನೆ. ಮೊಬೈಲಿನಲ್ಲಂತೂ ಆಂಡ್ರಾಯ್ಡಿನ ಕ್ರೋಮ್‌ಗೆ ಎಕ್ಸ್‌ಟೆನ್ಷನ್ ಹಾಕೋಕೇ ಆಗಲ್ಲ. ಫೈರ್‌ಫಾಕ್ಸಿನಲ್ಲಿ ಆಗುತ್ತೆ, ಆದರೆ ವಾಟ್ಸಾಪಲ್ಲಿ ಬಂದ ಲಿಂಕ್ ಒತ್ತಿದ್ರೆ ಬ್ರೌಸರಿಗೆ ಹೋಗೋ ಬದಲು ಫೋನಿನಲ್ಲಿ ಮೊದಲೇ ತುಂಬಿಸಿ ಕೊಟ್ಟಿರೋ ಆ್ಯಪ್‌ಗೇ ಹಾರುತ್ತೆ. ನಮ್ಮಕ್ಕ ಏನು ಮಾಡ್ಬೇಕು ಹೇಳಿ.

ಸರ್ಕಾರಗಳೂ ಸಾಕಷ್ಟು ಯೋಚನೆ ಮಾಡ್ಲಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಶಿಕ್ಷಣ ಇಲಾಖೆ ‘ಮಕ್ಕಳವಾಣಿ’ ಶುರು ಮಾಡಿದ್ದು ಯೂಟ್ಯೂಬಲ್ಲೇ. ಆ ಹೊತ್ತಿಗೆ ಬೇರೆ ದಾರಿ ಇರ್ಲಿಲ್ಲ, ಅದನ್ನ ತಪ್ಪು ಅನ್ನಲ್ಲ. ಅದೇ ವರ್ಷ ಚಂದನದಲ್ಲಿ ‘ಸಂವೇದ’ ಪಾಠಗಳೂ ಬಂದ್ವು. ಟಿವಿಯಲ್ಲಿ ಪಾಠ ಮುಗಿದ್ರೆ ಮುಗೀತು, ನಿನಗೆ ಅಂತಲೇ ಆರಿಸಿದ ಬಲೆ ಹಿಂದೆ ಬರ್ತಿರ್ಲಿಲ್ಲ. ಶಾಲೆ ತೆರೆದು ಇಷ್ಟು ವರ್ಷ ಆದ್ಮೇಲೂ, ಸಾರ್ವಜನಿಕರ ದುಡ್ಡಲ್ಲಿ ಮಾಡಿದ ಪಾಠಗಳನ್ನೆಲ್ಲಾ ಬರೀ ಪಾಠ ಮಾತ್ರ ಕಾಣೋ ಜಾಗದಲ್ಲಿ ಇಡೋ ಕೆಲಸ ಯಾಕೆ ಪೂರ್ತಿ ಆಗ್ಲಿಲ್ಲ?

ನಾನು ಕೇಳ್ತಿರೋದು ದೊಡ್ಡದೇನಲ್ಲ. ತಾಣದಲ್ಲಿ ಒಂದು ಸ್ವಿಚ್ಚು: ನಾನು ಹುಡುಕಿದ್ದು, ನಾನು ಸೇರಿಸಿಟ್ಟ ಪ್ಲೇಲಿಸ್ಟು, ಅಷ್ಟೇ ಕಾಣ್ಲಿ. ಪಕ್ಕದ ಸಾಲು ಬೇಡ, ಶಾರ್ಟ್ಸ್ ಬೇಡ, ಕೊನೇಲಿ ಬರೋ ಚಿತ್ರಗಳ ರಾಶಿ ಬೇಡ. ಒಮ್ಮೆ ಆಫ್ ಮಾಡಿದ್ರೆ ನಾನೇ ಆನ್ ಮಾಡೋವರೆಗೂ ಆಫ್. ಬ್ರೌಸರಿನಲ್ಲಿ ಇನ್ನೊಂದು: ಯಾರಿಗೂ ಅನುಮತಿ ಕೊಡದೆ, ಈ ಗಂಟೆಗೆ ಈ ಪುಟ ತೆರೀಬೇಡ ಅಂತ ನಾನೇ ಹಾಕೋ ಬೀಗ, ಇತಿಹಾಸ ಉಳಿಸದ ಇನ್‌ಕಾಗ್ನಿಟೊ ಕಿಟಕಿಗೆ ಹೋದ್ರೂ ಬಿಡದ ಬೀಗ. ಪಾಸ್‌ವರ್ಡ್ ನೆನಪಿಟ್ಕೊಳ್ಳೋಕೆ, ಅನುವಾದ ಮಾಡೋಕೆ, ಕೂಪನ್ ಹುಡುಕೋಕೆಲ್ಲಾ ಬ್ರೌಸರಿನೊಳಗೆ ಜಾಗ ಇದೆ. ಇದಕ್ಕೆ ಮಾತ್ರ ಇಲ್ಲ. ಇದರ ಪ್ರೋಗ್ರಾಂ ಬರೆಯೋಕೆ ಕಷ್ಟ ಅಂತ ಬಿಟ್ಟಿದ್ದಲ್ಲ ಅನ್ನೋದು ನನಗೂ ಗೊತ್ತು, ಅವರಿಗೂ ಗೊತ್ತು.

ಆ ಎಂಟ್ರೊಪಿ ಪಾಠ ಇನ್ನೂ ಅರ್ಧಕ್ಕೇ ನಿಂತಿದೆ. ಪಾಠದ ಪುಟ ಬಿಟ್ಟು ಆ ತಾಣದ ಉಳಿದದ್ದೆಲ್ಲಾ ತಡೆಯೋ ಸೆಟ್ಟಿಂಗ್ ಯಾರ ಹತ್ರನಾದ್ರೂ ಕೆಲಸ ಮಾಡ್ತಿದ್ರೆ ದಯವಿಟ್ಟು ಬರೆದು ಕಳಿಸಿ, ಅಕ್ಕನ ಮನೆ ಫೋನಿಗೂ ಹಾಕ್ಕೊಡ್ತೀನಿ. ಮನಸ್ಸು ಗಟ್ಟಿ ಮಾಡ್ಕೋ ಅನ್ನೋರು ಮಾತ್ರ ಬರೀಬೇಡಿ.